ಆರು ಮೂಟೆ ಗೊಬ್ಬರ ಮತ್ತು ಫಾರ್ಚುನರ್‌ನ ಹಿಂದಿನ ಸ್ಪ್ರಿಂಗು

ಗೊಬ್ಬರ ಹಾಕುವ ಹೊತ್ತಿಗೆ ಗೋಣಿಕೊಪ್ಪಲಿನಲ್ಲಿ ಬಾಡಿಗೆ ಪಿಕಪ್ ಸಿಗುವುದು ಕಷ್ಟ. ಅಂಥ ದಿನಗಳಲ್ಲಿ ನಮ್ಮ ಟೊಯೊಟಾ ಫಾರ್ಚುನರ್‌ ಗಾಡಿಯ ಕೊನೆಯ ಸಾಲಿನ ಸೀಟುಗಳನ್ನು ಪಕ್ಕಕ್ಕೆ ಮಡಚಿ, 50 ಕಿಲೋದ ಆರು ಮೂಟೆಗಳನ್ನು ಹೇರಿಕೊಂಡು ಸಿದ್ದಾಪುರದ ಕಡೆಯ ನಮ್ಮ ತೋಟಕ್ಕೆ ತರುವುದು ರೂಢಿಯಾಗಿತ್ತು. ಗಾಡಿ 80,000 ಕಿಲೋಮೀಟರ್ ದಾಟಿದ ಮೇಲೆ ಈ ಹೊರೆಗೆ ಅದರ ಹಿಂಭಾಗ ಸುಮಾರು 60 ಮಿಲಿಮೀಟರ್ ಕುಸಿಯತೊಡಗಿತು. ಹಿಂಭಾಗ ಕುಸಿದಷ್ಟೂ ಮುಂಭಾಗ ಮೇಲೇಳುವುದರಿಂದ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು, ತಿರುವುಗಳಲ್ಲಿ ಸ್ಟೀರಿಂಗ್ ಹಗುರವಾಗಿ ತೇಲುತ್ತಿತ್ತು. ಕಾರ್ಮಿಕರ ಲೈನ್‌ಮನೆಯ ಪಕ್ಕದ ಹಳ್ಳದಲ್ಲಂತೂ ಹಿಂದಿನ ಚಕ್ರಗಳ ಆ್ಯಕ್ಸಲ್, ಅದು ತೀರ ಮೇಲೇರದಂತೆ ತಡೆಯುವ ರಬ್ಬರಿನ ಬಂಪ್ ಸ್ಟಾಪಿಗೆ ಬಡಿಯದೆ ಮುಂದೆ ಹೋದ ದಿನವಿಲ್ಲ.

ಮೊದಲು ನಾನು ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ ಬದಲಾಯಿಸಿ ಹಣ ಕಳೆದುಕೊಂಡೆ. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ತಡೆಯುವುದಷ್ಟೇ ಶಾಕ್‌ನ ಕೆಲಸ ಎಂಬುದು ತಿಳಿದಿದ್ದೂ ಆ ದಿನ ಏಕೋ ತಲೆಗೆ ಹೊಳೆಯಲಿಲ್ಲ.

ಎರಡನೆಯ ಸಲ ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಈಮು ಸ್ಪ್ರಿಂಗುಗಳನ್ನೂ ಅವುಗಳಿಗೆ ಹೊಂದುವ, ಒಳಗೆ ನೈಟ್ರೋಜನ್ ಅನಿಲ ತುಂಬಿದ ನೈಟ್ರೋಚಾರ್ಜರ್ ಶಾಕ್‌ಗಳನ್ನೂ ಒಟ್ಟಿಗೆ ಕೊಂಡೆ. ಈ ಸ್ಪ್ರಿಂಗುಗಳು ಹೊರಬೇಕಾದ ಭಾರಕ್ಕೆ ತಕ್ಕಂತೆ ಬೇರೆ ಬೇರೆ ಗಡಸಿನಲ್ಲಿ ಬರುತ್ತವೆ. ಅಂಗಡಿಯವರು ಎಲ್ಲಕ್ಕಿಂತ ಗಡುಸಾದದ್ದನ್ನೇ ಒಯ್ಯಿರಿ ಎಂದರು. ಆದರೆ ಕಬ್ಬಿಣದ ಬಂಪರ್, ಹೆಚ್ಚುವರಿ ಟ್ಯಾಂಕ್ ಮುಂತಾದ ಭಾರವನ್ನು ಸದಾ ಹೊತ್ತಿರುವ ಗಾಡಿಗೆ ಸಲ್ಲುವ ಸ್ಪ್ರಿಂಗನ್ನು ವರ್ಷಕ್ಕೆ ಹತ್ತು ದಿನ ಮೂಟೆ ಹೊರುವ ಗಾಡಿಗೆ ಹಾಕಿದರೆ ಉಳಿದ ದಿನಗಳಲ್ಲಿ ಬೆನ್ನುಮೂಳೆಯೇ ಅದರ ಬೆಲೆ ತೆರಬೇಕಾಗುತ್ತದೆ. ನಾನು ಮಧ್ಯಮ ಗಡಸಿನದನ್ನು ಆರಿಸಿದೆ. ಅದು ಸರಿಯಾದ ಆಯ್ಕೆಯೆಂದು ಈಗಲೂ ಅನ್ನಿಸುತ್ತದೆ. ಖಾಲಿ ಗಾಡಿ ಹಿಂದೆ 35 ಮಿಲಿಮೀಟರ್ ಎತ್ತರವಾಗಿದೆ. ಆರು ಮೂಟೆ ಹೇರಿದಾಗ, ಹಳೆಯ ಸ್ಪ್ರಿಂಗಿನಲ್ಲಿ ಖಾಲಿ ಗಾಡಿ ನಿಲ್ಲುತ್ತಿದ್ದ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಸ್ಪ್ರಿಂಗು ಗಡುಸಾದಂತೆ ಅದು ಹಿಂದಕ್ಕೆ ಚಿಮ್ಮುವ ಬಲವೂ ಹೆಚ್ಚುತ್ತದೆ. ಹಳೆಯ ಶಾಕ್ ಅದನ್ನು ಹಿಡಿದಿಡಲಾರದು. ಆದ್ದರಿಂದ ಎರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಇದಲ್ಲದೆ, ಎಡೆಬಿಡದ ಗುಂಡಿಗಳಲ್ಲಿ ಸಾಮಾನ್ಯ ಶಾಕ್‌ನೊಳಗಿನ ಎಣ್ಣೆ ನೊರೆಯಾಗಿ ಹಿಡಿತ ಸಡಿಲುತ್ತದೆ. ನೈಟ್ರೋಜನ್ ಒತ್ತಡವಿರುವಲ್ಲಿ ಆ ನೊರೆ ಕಡಿಮೆ. ಮಳೆಗಾಲ ಮುಗಿದ ಮೇಲೆ ತೋಟದ ದಾರಿಯ ಸ್ಥಿತಿ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಖಾಲಿಯಿದ್ದಾಗ ಡಾಂಬರಿನ ಸಣ್ಣ ತೇಪೆಗಳು ಮೊದಲಿಗಿಂತ ಹೆಚ್ಚು ತಿಳಿಯುತ್ತವೆ ಎಂಬುದೂ ನಿಜ. ನಡುವಿನ ಸೀಟಿನಲ್ಲಿ ಕೂರುವ ಅವ್ವನ ತಕರಾರು ಇದಲ್ಲ, ಹತ್ತಲು ಮೆಟ್ಟಿಲು ಎತ್ತರವಾಯಿತು ಎಂಬುದು.

ನಿಜವಾದ ತೊಂದರೆ ಬಂದದ್ದು ಜೋಡಣೆಯಿಂದ. ಮೈಸೂರಿನ ಗ್ಯಾರೇಜೊಂದರಲ್ಲಿ ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ, ಆ್ಯಕ್ಸಲನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಲಿಂಕ್‌ ಸರಳುಗಳ ಬೋಲ್ಟುಗಳನ್ನು ಪೂರ್ತಿ ಬಿಗಿದರು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದಾಗ ಆ ಸರಳುಗಳ ತುದಿಯ ಬುಷ್‌ನ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮೂರೇ ವಾರಕ್ಕೆ ಕಿರುಗುಟ್ಟುವ ಸದ್ದು ಶುರುವಾಯಿತು. ಕೊನೆಗೆ ವಿರಾಜಪೇಟೆಯ ಮೆಕ್ಯಾನಿಕ್ ಒಬ್ಬರು ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಕುಲುಕಿ, ಆಮೇಲೆ ಬಿಗಿದುಕೊಟ್ಟರು. ಸದ್ದು ನಿಂತಿತು. ಗ್ಯಾರೇಜು ಯಾವುದೇ ಇರಲಿ, ಈ ಒಂದು ಮಾತನ್ನು ಮೊದಲೇ ಹೇಳಿ, ಬಿಗಿಯುವಾಗ ಪಕ್ಕದಲ್ಲೇ ನಿಲ್ಲುವುದು ಲೇಸು.

ಇನ್ನೂ ಎತ್ತರಿಸುವ ಆಸೆಯನ್ನು ನಾನು ಬಿಟ್ಟೆ. ಗಾಡಿಯನ್ನು ಎತ್ತರಿಸಿದಷ್ಟೂ, ಆ್ಯಕ್ಸಲ್ ಅತ್ತಿತ್ತ ಸರಿಯದಂತೆ ಚೌಕಟ್ಟಿಗೆ ಅಡ್ಡಲಾಗಿ ಹಿಡಿದಿಡುವ ಅಡ್ಡಗಂಬಿ (ಪ್ಯಾನ್‌ಹಾರ್ಡ್ ರಾಡ್) ಹಿಂದಿನ ಆ್ಯಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ತಯಾರಕರ ವಿನ್ಯಾಸವನ್ನು ಮೀರಿದ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ. ಆದ್ದರಿಂದ ಆರ್‌ಟಿಓ ಕಚೇರಿಯನ್ನೂ ವಿಮೆಯವರನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಹಿಂಭಾಗವನ್ನಷ್ಟೇ ಬದಲಾಯಿಸಿದ್ದರಿಂದ ಖಾಲಿ ಗಾಡಿ ಈಗ ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲುತ್ತದೆ, ಹೆಡ್‌ಲೈಟಿನ ಬೆಳಕು ತೀರ ಹತ್ತಿರ ಬೀಳುತ್ತಿತ್ತು. ಒಂದು ಸಂಜೆ ಕಾಫಿ ಕಣದ ಅಂಚಿನ ಗೋಡೆಗೆ ಎದುರಾಗಿ ನಿಲ್ಲಿಸಿ, ಮೊದಲು ಖಾಲಿಯಾಗಿ, ಬಳಿಕ ಆರು ಮೂಟೆ ಹೇರಿ, ಎರಡೂ ಸಲ ಬೆಳಕಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಅದನ್ನು ಸರಿಪಡಿಸಿಕೊಂಡೆ.