ಫೋನ್ ಆ್ಯಪ್, ಅಡುಗೆಮನೆ ಟೈಮರ್, ಕಂಪ್ಯೂಟರ್: 25 ನಿಮಿಷದ ಲೆಕ್ಕಕ್ಕೆ ಯಾವುದು?

25 ನಿಮಿಷ ಕೆಲಸ ಮಾಡಿ 5 ನಿಮಿಷ ಬಿಡುವು ಪಡೆಯುವ ಪೊಮೊಡೊರೊ ಪದ್ಧತಿಗೆ ನಾನು ಈಗ ಬಳಸುತ್ತಿರುವುದು ಕಂಪ್ಯೂಟರಿನಲ್ಲಿ ಓಡುವ ಸೂಪರ್ ಪ್ರೊಡಕ್ಟಿವಿಟಿ ಎನ್ನುವ ತಂತ್ರಾಂಶ. ಉಚಿತ, ಮುಕ್ತ ತಂತ್ರಾಂಶ. ಅದನ್ನು ಬಿಡುವ ಯೋಚನೆ ಸದ್ಯಕ್ಕಿಲ್ಲ, ಹಾಗಾಗಿ ಈ ಹೋಲಿಕೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಕಾಯುವ ಅಗತ್ಯವೂ ಇಲ್ಲ. ಆದರೆ ಅದಕ್ಕೂ ಮೊದಲು ದುಡ್ಡು ಕೊಟ್ಟು ಒಂದು ಫೋನ್ ಆ್ಯಪ್ ಕೊಂಡಿದ್ದೆ. ಅದು ಕೈಕೊಟ್ಟ ಮೇಲೆ ಸ್ವಲ್ಪ ಕಾಲ ಅಡುಗೆಮನೆ ಟೈಮರ್ ಮತ್ತು ಡೈರಿಯಲ್ಲಿ ನಡೆಸಿದೆ. ಮೂರನ್ನೂ ಬಳಸಿದ್ದರಿಂದ ಹೇಳಲಿಕ್ಕೆ ಒಂದಿಷ್ಟಿದೆ.

ನನ್ನ ಕೆಲಸ ಏನು ಅಂತ ತಿಳಿಯದೆ ನನ್ನ ತೀರ್ಪು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ತುಮಕೂರಿನಲ್ಲಿ ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಮಂಡಿಪೇಟೆಯ ಕೆಲವು ಅಂಗಡಿಗಳು, ಗುಬ್ಬಿ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ, ತಿಪಟೂರಿನ ಒಬ್ಬರು ಕೊಬ್ಬರಿ ವರ್ತಕರು. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ನೇ ತಾರೀಖಿನೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಹೋಗಬೇಕು. 14ಕ್ಕೆ 2ಬಿ, ಅಂದರೆ ಖರೀದಿಗಳ ಮೇಲಿನ ತೆರಿಗೆ ಜಮೆಯ ಪಟ್ಟಿ, ಬರುತ್ತದೆ, ಅದನ್ನು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಬೇಕು. 20ರೊಳಗೆ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ ರಿಟರ್ನ್. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ದಂಡ ಕಟ್ಟುವುದು ಅಂಗಡಿಯವರು, ಬೈಸಿಕೊಳ್ಳುವುದು ನಾನು. ಹುಣಸೆಹಣ್ಣಿನ ಸೀಸನ್ನಿನಲ್ಲಿ ಮಂಡಿಯ ಬಿಲ್ಲುಗಳು ರಾಶಿ ಬೀಳುತ್ತವೆ. ಆಗ ಯಾವ ಅಂಗಡಿಯ ಕೆಲಸ ಎಲ್ಲಿಗೆ ಬಂತು ಅನ್ನುವುದೇ ತಲೆಯಲ್ಲಿ ನಿಲ್ಲುವುದಿಲ್ಲ.

ಪೊಮೊಡೊರೊ ಪದ್ಧತಿ ಬಹಳ ಜನಕ್ಕೆ ಗೊತ್ತು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಕಾಲೇಜಿನಲ್ಲಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದಲು ಶುರು ಮಾಡಿದರು. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಜನ ಮರೆಯುವ ನಿಯಮ ಒಂದಿದೆ: ಸುತ್ತನ್ನು ಮಧ್ಯದಲ್ಲಿ ಮುರಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು.

ಈಗ ಫೋನ್ ಆ್ಯಪ್ ಕಥೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಅರ್ಧ ಆ್ಯಪಿನದು, ಅರ್ಧ ಫೋನಿನದು. ಕೆಲಸದ ಪಟ್ಟಿ, ಟೈಮರ್, ವಾರದ ಗ್ರಾಫ್ ಎಲ್ಲ ಒಂದೇ ಕಡೆ. ನೋಡಲು ಚೆಂದ. ವರ್ಷದ ಚಂದಾ ಸಾವಿರದ ಮೇಲೆ. ಮೊದಮೊದಲು ನಾನು ಪರದೆ ನೋಡುತ್ತಾ ಕೂತಾಗ ಗಂಟೆ ಸರಿಯಾಗಿಯೇ ಹೊಡೆಯಿತು. ಆಮೇಲೆ ಫೋನನ್ನು ಮಗುಚಿಟ್ಟು ನಿಜವಾಗಿ ಕೆಲಸಕ್ಕೆ ಕೂತಾಗ ಶುರುವಾಯಿತು ನೋಡಿ. ಗಂಟೆ ಹೊಡೆಯುವುದೇ ಇಲ್ಲ. ಇಷ್ಟೊತ್ತಿಗೆ ಮುಗಿದಿರಬೇಕಲ್ಲ ಅಂತ ಫೋನ್ ಎತ್ತಿ ಪರದೆ ಬೆಳಗಿಸಿದ ತಕ್ಷಣ ಟಣ್ ಅನ್ನುತ್ತದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದ ಮೇಲೆ ಗ್ಯಾಸ್ ಆರಿಸಿದ ಹಾಗೆ. ಗ್ರಾಫಿನಲ್ಲಿ ಮಾತ್ರ ಅಚ್ಚುಕಟ್ಟಾಗಿ 25 ನಿಮಿಷ ಅಂತಲೇ ಬರೆದುಕೊಂಡಿರುತ್ತದೆ!

ಕಾರಣ ಹುಡುಕಿದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಏರ್ಪಾಡಿದೆ. ಪರದೆ ಆರಿಸಿ ಫೋನನ್ನು ಅಲುಗಾಡಿಸದೆ ಇಟ್ಟರೆ, ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳ ಕೆಲಸವನ್ನು ಅದು ಮುಂದಕ್ಕೆ ತಳ್ಳುತ್ತದೆ. ಗಮನವಿಟ್ಟು ಕೆಲಸ ಮಾಡುವವರು ಫೋನನ್ನು ಇಡುವುದೇ ಹಾಗೆ, ಅಲ್ವಾ? ಇದರ ಮೇಲೆ ಕೆಲವು ಫೋನ್ ಕಂಪನಿಗಳು ತಮ್ಮದೇ ಬ್ಯಾಟರಿ ಉಳಿತಾಯವನ್ನೂ ಸೇರಿಸುತ್ತವೆ. ಅದು ಇನ್ನೂ ಕಟ್ಟುನಿಟ್ಟು, ಹಿನ್ನೆಲೆಯ ಆ್ಯಪನ್ನು ನೇರವಾಗಿ ಮುಚ್ಚಿಯೇ ಬಿಡುತ್ತದೆ. ಅದೇ ಫೋನಿನ ಸ್ವಂತ ಗಡಿಯಾರದ ಅಲಾರಂ ಮಾತ್ರ ಸರಿಯಾಗಿ ಹೊಡೆಯುತ್ತದೆ. ಅಲಾರಂಗೆ ಡೋಜ್‌ನಲ್ಲೂ ವಿನಾಯಿತಿ ಇದೆ.

ಸರಿ, ಸೆಟ್ಟಿಂಗ್ಸ್ ಹೊಕ್ಕೆ. ಆ್ಯಪಿನ ಬ್ಯಾಟರಿ ಬಳಕೆಗೆ ನಿರ್ಬಂಧ ಬೇಡ ಅಂತ ಆರಿಸಿದೆ. ಆಟೋಸ್ಟಾರ್ಟ್ ಆನ್ ಮಾಡಿದೆ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗ ಹಾಕಿದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಬೇರೆ ಅನುಮತಿ ಕೊಡಬೇಕು, ಕೊಟ್ಟೆ. 14ರಲ್ಲಿ ಹೊಸದಾಗಿ ಹಾಕಿದ ಬಹಳಷ್ಟು ಆ್ಯಪ್‌ಗಳಿಗೆ ನಿಖರ ಸಮಯಕ್ಕೆ ಗಂಟೆ ಹೊಡೆಯುವ ಅನುಮತಿ ತಾನಾಗಿ ಸಿಗುವುದಿಲ್ಲ. ಅಲಾರಮ್ಸ್ ಅಂಡ್ ರಿಮೈಂಡರ್ಸ್ ಅನ್ನುವಲ್ಲಿ ಹೋಗಿ ನಾವೇ ಕೊಡಬೇಕು. ಅದನ್ನೂ ಕೊಟ್ಟೆ. ಕೆಲವು ದಿನ ಸರಿಹೋಯಿತು. ಫೋನ್ ಅಪ್‌ಡೇಟ್ ಆಯಿತು, ಮತ್ತೆ ಮೊದಲಿನ ಕಥೆ. ಆ್ಯಪಿನವರಿಗೆ ಬರೆದರೆ ಇದೇ ಪಟ್ಟಿಯನ್ನು ನನಗೇ ಕಳಿಸಿದರು. ಕೆಲಸ ಮುಗಿಸಲು ಕೊಂಡ ವಸ್ತುವೇ ನನಗೊಂದು ಹೊಸ ಕೆಲಸ ಹಚ್ಚಿತು.

ಗಂಟೆ ಹೊಡೆಯಿತಾ ಅಂತ ನೋಡಲು ಫೋನ್ ಎತ್ತಿದರೆ ಇನ್ನೊಂದು ಆಪತ್ತು. ವಾಟ್ಸಾಪಿನಲ್ಲಿ ಯಾರೋ ಬಿಲ್ ಫೋಟೋ ಕಳಿಸಿರುತ್ತಾರೆ. ಅದು ತಲೆಕೆಳಗಾಗಿರುತ್ತದೆ, ಅರ್ಧ ಹೆಬ್ಬೆರಳು ಇರುತ್ತದೆ. ಅದನ್ನು ನೋಡಿದ ಮೇಲೆ ಕೈಯಲ್ಲಿದ್ದ ಕೆಲಸ ಹೋಯಿತು ಅಂತಲೇ ಲೆಕ್ಕ.

ಸುತ್ತಿಗೊಂದು ಮರ ಬೆಳೆಸುವ ಆ್ಯಪನ್ನೂ ನೋಡಿದೆ. ಆ್ಯಪ್ ಬಿಟ್ಟು ಹೊರಗೆ ಹೋದರೆ ಮರ ಒಣಗುತ್ತದೆ. ದಿನವಿಡೀ ಓಟಿಪಿಗಾಗಿ ಅಂಗಡಿಯವರಿಗೆ ಫೋನ್ ಮಾಡುವ ನನಗೆ ಕಾಡೆಲ್ಲ ಒಣಗಿತು.

ಇದರಿಂದ ಬೇಸತ್ತು ಪಾತ್ರೆ ಅಂಗಡಿಯಿಂದ ತಿರುಗಿಸುವ ಟೈಮರ್ ತಂದೆ. ಇನ್ನೂರು ರೂಪಾಯಿಯ ಸುತ್ತಮುತ್ತ. ಹೇಳಬೇಕೆಂದರೆ ಮೂರರಲ್ಲಿ ಕೈಗೆ ಹಿತವಾದದ್ದು ಇದೇ. ತಿರುಗಿಸುವುದೇ ಒಂದು ತೀರ್ಮಾನ ಮಾಡಿದಂತೆ ಇರುತ್ತದೆ. ಕರೆಂಟ್ ಹೋದರೂ ನಡೆಯುತ್ತದೆ, ಅಪ್‌ಡೇಟ್ ಇಲ್ಲ, ಅನುಮತಿ ಕೇಳುವುದಿಲ್ಲ. 5 ನಿಮಿಷದ ಬಿಡುವಿಗೆ ಇಡುವಾಗ ಮೊದಲು ಹತ್ತರಾಚೆ ತಿರುಗಿಸಿ ಆಮೇಲೆ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ಸದ್ದು ಮಾತ್ರ ಮನೆಯವರಿಗೆಲ್ಲ ಕೇಳಿಸುತ್ತದೆ. "ಅದೇನೇ ಟಿಕ್ ಟಿಕ್ ಅಂತೈತೆ, ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದ್ದೀಯಾ?" ಅಂತ ಅತ್ತೆ ಎದ್ದು ಬಂದರು.

ಟೈಮರ್ ಜೊತೆ ಡೈರಿ. ಸಿರಿಲ್ಲೊ ಹೇಳಿದ ಒಂದು ಉಪಾಯ ಇಲ್ಲಿ ಚೆನ್ನಾಗಿ ಒದಗಿತು. ಮಧ್ಯದಲ್ಲಿ ನಮಗೇ ಬೇರೆ ಏನೋ ನೆನಪಾಗಿ ಮನಸ್ಸು ಹೋದರೆ ಹಾಳೆಯಲ್ಲಿ ಮೇಲುಕೊಕ್ಕೆಯಂಥ (') ಒಂದು ಸಣ್ಣ ಗುರುತು. ಬೇರೆಯವರು ಅಡ್ಡ ಬಂದರೆ ಒಂದು ಅಡ್ಡಗೆರೆ. ನನ್ನ ಡೈರಿಯಲ್ಲಿ ಅಡ್ಡಗೆರೆಗಳೇ ಜಾಸ್ತಿ, ಅದರಲ್ಲೂ 18, 19, 20ನೇ ತಾರೀಖುಗಳಲ್ಲಿ. ಯಾರ ಅಂಗಡಿಯಿಂದ ಬಂದವು ಅಂತ ನೋಡಿದಾಗ ಅಂದುಕೊಂಡವರು ಯಾರೂ ಅಲ್ಲ, ಅತಿ ಚಿಕ್ಕ ಅಂಗಡಿಯವರೇ ಮುಂದಿದ್ದರು.

ಡೈರಿ ಬಿಡಲು ಕಾರಣ ಕೂಡುವ ಕೆಲಸ. ಯಾವ ಅಂಗಡಿಗೆ ಎಷ್ಟು ಸುತ್ತು ಹೋಯಿತು ಅಂತ ತಿಂಗಳ ಕೊನೆಯಲ್ಲಿ ಎಣಿಸಬೇಕು. ಇಡೀ ದಿನ ಬೇರೆಯವರ ಲೆಕ್ಕ ಕೂಡಿದವಳಿಗೆ ರಾತ್ರಿ ಕೂತು ನನ್ನದನ್ನೂ ಕೂಡುವ ಉತ್ಸಾಹ ಇರಲಿಲ್ಲ.

ಸೂಪರ್ ಪ್ರೊಡಕ್ಟಿವಿಟಿ ಗೆದ್ದದ್ದು ಇಲ್ಲೇ. ಒಂದು ಅಂಗಡಿಗೆ ಒಂದು ಪ್ರಾಜೆಕ್ಟ್. ಅದರೊಳಗೆ ಬಿಲ್ ನಮೂದು, 2ಬಿ ತಾಳೆ, 3ಬಿ ಅಂತ ಕೆಲಸಗಳು. ಪ್ರತಿ ತಿಂಗಳೂ ತಾವಾಗಿ ಮತ್ತೆ ಬರುವಂತೆ ಇಡಬಹುದು. ಕೆಲಸದ ಮೇಲೆ ಒತ್ತಿ ಟೈಮರ್ ಶುರು ಮಾಡಿದರೆ ಆ ನಿಮಿಷಗಳು ಆ ಅಂಗಡಿಯ ಹೆಸರಿಗೇ ಸೇರುತ್ತವೆ. ಅಕೌಂಟ್ ತೆರೆಯಬೇಕಿಲ್ಲ, ಮಾಹಿತಿ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅಂಗಡಿಯವರ ಹೆಸರು ಬರೆದಿಡುವ ನನಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಸೌಕರ್ಯ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಕೀಬೋರ್ಡ್, ಮೌಸ್ ಸ್ವಲ್ಪ ಹೊತ್ತು ಮುಟ್ಟದಿದ್ದರೆ ಅದು ಗಮನಿಸುತ್ತದೆ. ವಾಪಸ್ ಬಂದ ಮೇಲೆ, ಈ ಖಾಲಿ ಸಮಯವನ್ನು ಯಾವ ಕೆಲಸಕ್ಕೆ ಸೇರಿಸಲಿ, ಅಥವಾ ಬಿಡುವು ಅಂತ ಬರೆಯಲಾ ಅಂತ ಕೇಳುತ್ತದೆ. ರಿಟರ್ನ್ ಹಾಕುವಾಗ ಓಟಿಪಿ ಹೋಗುವುದು ಅಂಗಡಿಯವರ ಫೋನಿಗೆ. ತಿಪಟೂರಿನವರಿಗೆ ಫೋನ್ ಮಾಡಿದರೆ, "ಮೇಡಂ, ಹರಾಜು ನಡೀತಾ ಐತೆ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾರೆ. ಅವರು ಮತ್ತೆ ಮಾಡುವಷ್ಟರಲ್ಲಿ ಓಟಿಪಿಯ ಗಡುವು ಮುಗಿದಿರುತ್ತದೆ, ಮತ್ತೆ ಕಳಿಸಬೇಕು. ಪೊಮೊಡೊರೊ ನಿಯಮದ ಪ್ರಕಾರ ಈ ಸುತ್ತುಗಳೆಲ್ಲ ರದ್ದು. ನಾನು ರದ್ದು ಮಾಡುವುದಿಲ್ಲ. ಕಾದ ಸಮಯವನ್ನು ಅವರ ಹೆಸರಿಗೇ 'ಓಟಿಪಿ ಕಾಯುವಿಕೆ' ಅಂತ ಸೇರಿಸುತ್ತೇನೆ. ಮುಂದಿನ ಸಲ ಸಂಬಳದ ಮಾತು ಬಂದಾಗ ಆ ಪಟ್ಟಿ ಮುಂದಿಟ್ಟೆ. ಅವರು ನಕ್ಕರು, ಆದರೆ ತಿಂಗಳ ಹಣ ಸ್ವಲ್ಪ ಏರಿತು.

ಕೊರತೆ ಇಲ್ಲ ಅಂತಲ್ಲ. ಸೆಟ್ಟಿಂಗ್ಸ್ ಅತಿಯಾಗಿವೆ. ಬೇಡದ್ದನ್ನು ಮುಚ್ಚಲು ಒಂದು ಸಂಜೆ ಬೇಕು. ಜಿರಾ, ಗಿಟ್‌ಹಬ್ ಅಂತೆಲ್ಲ ಜೋಡಿಸುವ ಸೌಲಭ್ಯ ತಂತ್ರಾಂಶ ಬರೆಯುವವರಿಗೆ, ನಮಗಲ್ಲ. ನೋಟ ಫೋನ್ ಆ್ಯಪಿನಷ್ಟು ಚೆಂದವಿಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದರೆ ಟೈಮರೂ ಹೋಯಿತು.

25 ನಿಮಿಷಕ್ಕೇ ನಾನು ಅಂಟಿಕೊಂಡಿಲ್ಲ. ಬಿಲ್ ನಮೂದಿಗೆ 25 ಸರಿ, ಅದಕ್ಕಿಂತ ಹೆಚ್ಚಾದರೆ ಅಂಕಿ ಅದಲುಬದಲಾಗುತ್ತದೆ. 2ಬಿ ತಾಳೆಗೆ 50 ಇಟ್ಟು 10 ಬಿಡುವು. ತಾಳೆ ಬರದ ಒಂದು ಬಿಲ್ಲಿನ ಜಾಡು ಹಿಡಿದಾಗ ಮಧ್ಯದಲ್ಲಿ ಗಂಟೆ ಹೊಡೆದರೆ ಸಿಟ್ಟು ಬರುತ್ತದೆ. ಬಿಡುವಿನಲ್ಲಿ ಮಹಡಿಗೆ ಹೋಗಿ ಒಣಗಿದ ಬಟ್ಟೆ ತರುತ್ತೇನೆ, ಫೋನ್ ಕೆಳಗೇ ಇರುತ್ತದೆ. ರೀಲ್ಸ್ ತೆರೆದರೆ ಆ 5 ನಿಮಿಷ ಎಲ್ಲಿ ಹೋಯಿತು ಅಂತ ಯಾವ ತಂತ್ರಾಂಶವೂ ಹೇಳಲಾರದು.

ಓದುವ ಮಕ್ಕಳಿಗೆ ಯಾವ ನಿಮಿಷ ಯಾರ ಹೆಸರಿಗೆ ಅನ್ನುವ ತೊಂದರೆ ಇಲ್ಲ. ಅವರಿಗೆ ತಿರುಗಿಸುವ ಟೈಮರ್ ಸಾಕು, ಕಂಪ್ಯೂಟರ್ ಬೇಡವೇ ಬೇಡ. ಕೆಲಸವೆಲ್ಲ ಫೋನಿನಲ್ಲೇ ಇರುವವರು ಪಟ್ಟಿಯನ್ನು ಗೂಗಲ್ ಟಾಸ್ಕ್ಸ್‌ನಲ್ಲಿ ಬರೆದು, ಗಂಟೆಗೆ ಫೋನಿನ ಸ್ವಂತ ಗಡಿಯಾರ ಇಟ್ಟುಕೊಳ್ಳಿ, ದುಡ್ಡು ಸುಮ್ನೆ ಹೋಗುವುದಿಲ್ಲ. ನನ್ನ ಹಾಗೆ ಹಲವರ ಕೆಲಸ ಒಂದೇ ಮೇಜಿನ ಮೇಲೆ ಮಾಡುವವರು ಸೂಪರ್ ಪ್ರೊಡಕ್ಟಿವಿಟಿ ಹಾಕಿ ನೋಡಿ. ಆದರೆ 3ಬಿ ತಲೆಯ ಮೇಲಿರುವಾಗ ಬೇಡ, 21ನೇ ತಾರೀಖಿನಿಂದ ಶುರು ಮಾಡಿ.