ಅಮೆರಿಕದ ಅಂತರ್ಯುದ್ಧದ ಸೈನಿಕ: ಸೇವಾ ದಾಖಲೆಯೋ, ಪಿಂಚಣಿ ಕಡತವೋ?

1861–65ರ ಯುದ್ಧದಲ್ಲಿ ಹೋರಾಡಿದವನೊಬ್ಬನನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲಾಗಾರದಲ್ಲಿ (ನ್ಯಾಷನಲ್ ಆರ್ಕೈವ್ಸ್) ಹುಡುಕುವವರು ಮೊದಲು ಯಾವುದನ್ನು ತರಿಸಬೇಕು?

ಸೇವಾ ದಾಖಲೆ ಅಂದರೆ ಒಂದು ಲಕೋಟೆ, ಒಳಗೆ ಚಿಕ್ಕ ಕಾರ್ಡುಗಳು. ಹಳೆಯ ಹಾಜರಿ ಪಟ್ಟಿಗಳನ್ನು ದಶಕಗಳ ನಂತರ ಗುಮಾಸ್ತರು ನಕಲು ಮಾಡಿದ್ದು. ಹೆಸರು, ದರ್ಜೆ, ಸಾಮಾನ್ಯವಾಗಿ ಎರಡೆರಡು ತಿಂಗಳಿಗೆ ಹಾಜರೋ ಗೈರೋ ಎಂಬುದು ಸಿಗುತ್ತದೆ. ಹೆಂಡತಿ, ಮಕ್ಕಳ ಸುಳಿವು ಅಪರೂಪ. ರೆಜಿಮೆಂಟ್ ಬದಲಿಸಿದವನಿಗೆ ಎರಡು ಲಕೋಟೆ ಇರುತ್ತವೆ, ಒಂದನ್ನೇ ತರಿಸಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಪಿಂಚಣಿ ಕಡತವೇ ನಿಜವಾದ ನಿಧಿ. ಪಿಂಚಣಿ ಪಡೆಯಲು ವಿಧವೆ ಮದುವೆಯನ್ನು ಸಾಬೀತುಪಡಿಸಲೇಬೇಕಿತ್ತು. ಅದಕ್ಕಾಗಿ ಮನೆಯ ಬೈಬಲ್‌ನಿಂದ ಕಿತ್ತ, ಮಕ್ಕಳ ಹುಟ್ಟಿದ ದಿನಗಳಿರುವ ಹಾಳೆಯೂ ಕೆಲವು ಕಡತಗಳಲ್ಲಿದೆ. ಗುಲಾಮಗಿರಿಯಲ್ಲಿ ಮದುವೆಯಾದವರಿಗೆ ಕಾಗದವೇ ಇರಲಿಲ್ಲವಾದ್ದರಿಂದ ನೆರೆಹೊರೆಯವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳೇ ಆಧಾರ. ಅಂಥ ಕುಟುಂಬಗಳ ಬದುಕು ಬೇರೆಲ್ಲೂ ಇಷ್ಟು ವಿವರವಾಗಿ ಸಿಗುವುದು ಕಷ್ಟ.

ಆದರೆ ವಾಷಿಂಗ್ಟನ್‌ನ ಈ ಪಿಂಚಣಿ ಕಡತ ಉತ್ತರದ, ಅಂದರೆ ಕೇಂದ್ರ ಸರ್ಕಾರದ ಪರ ಹೋರಾಡಿದ ಸೈನಿಕರಿಗೆ ಮಾತ್ರ. ದಕ್ಷಿಣದವರಿಗೆ ಪಿಂಚಣಿ ಕೊಟ್ಟದ್ದು ಆಯಾ ರಾಜ್ಯ, ಹಾಗಾಗಿ ಟೆಕ್ಸಾಸ್, ವರ್ಜೀನಿಯಾದಂಥ ರಾಜ್ಯಗಳ ದಾಖಲಾಗಾರದಲ್ಲಿ ಹುಡುಕಿ. ಅರ್ಜಿ ಹಾಕಿದ್ದು ಅವನು ಹುಟ್ಟಿದ ರಾಜ್ಯದಲ್ಲಲ್ಲ, ಆಗ ವಾಸವಿದ್ದ ರಾಜ್ಯದಲ್ಲಿ. ಬಹಳ ಜನ ಎಡವುವುದು ಇಲ್ಲೇ.

ವಂಶಾವಳಿ ಬೇಕಿದ್ದರೆ ಪಿಂಚಣಿ ಕಡತವನ್ನೇ ಮೊದಲು ತರಿಸಿ. ರೆಜಿಮೆಂಟ್ ಗೊತ್ತಿಲ್ಲದಿದ್ದರೆ ಮೊದಲು ಸೈನಿಕರ ಹೆಸರುಗಳ ಸೂಚಿ ನೋಡಿ, ಹೆಸರಿನ ಎಲ್ಲ ಕಾಗುಣಿತಗಳಲ್ಲೂ.