ಬದಿಯಡ್ಕದ ಮಧುಮೇಹ ಚಿಕಿತ್ಸಾಲಯ: ತಾಯಿಯ ಸುಸ್ತಿಗೆ ಸಿಕ್ಕ ಕಾರಣ

ಮಧ್ಯಾಹ್ನ ಗಂಜಿ ಉಂಡೊಡನೆ ಚಾವಡಿಯಲ್ಲಿ ಒರಗಿಬಿಡುತ್ತಿದ್ದ ನನ್ನ ತಾಯಿಯ ಸುಸ್ತು ವಯಸ್ಸಿನದೆಂದೇ ನಾವು ತಿಳಿದಿದ್ದೆವು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಈ ಸಣ್ಣ ಚಿಕಿತ್ಸಾಲಯದ ವೈದ್ಯರು ಕನ್ನಡದಲ್ಲಿಯೇ ವಿಚಾರಿಸಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ಅದು ದಕ್ಕುವುದಿಲ್ಲವೆಂದೂ, ಪದೇ ಪದೇ ಮೂತ್ರಕ್ಕೆ ಏಳುವುದರಿಂದ ದೇಹದ ನೀರೂ ರಾತ್ರಿಯ ನಿದ್ದೆಯೂ ಕಡಿಮೆಯಾಗಿ ಆಯಾಸ ಹೆಚ್ಚುತ್ತದೆಂದೂ ತಾಳ್ಮೆಯಿಂದ ವಿವರಿಸಿದರು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗಲೂ ನಿತ್ರಾಣವಾಗುತ್ತದೆಂದು ಎಚ್ಚರಿಸಿದರು.

ನನಗೆ ತುಂಬ ಮೆಚ್ಚಿಗೆಯಾದದ್ದು ಮುಂದಿನ ಮಾತು. ತಾಯಿ ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದು ಪಟ್ಟಿಯನ್ನೂ ತಿರುಗಿಸಿ ನೋಡಿದ ವೈದ್ಯರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಸೇವಿಸುವವರಲ್ಲಿ ಬಿ12 ಜೀವಸತ್ವದ ಕೊರತೆಯಾಗುವುದುಂಟೆಂದು ಹೇಳಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿಯ ಜೊತೆಗೆ ಅದನ್ನೂ ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ಗಳನ್ನೂ ಪರೀಕ್ಷೆಗೆ ಬರೆದರು. ಕೊರತೆ ಇದ್ದುದು ಬಿ12ರಲ್ಲಿಯೇ. ಚಿಕಿತ್ಸೆ ಆರಂಭವಾದ ಬಳಿಕ ತಾಯಿ ಮತ್ತೆ ಸಂಜೆ ತೋಟಕ್ಕೆ ಇಳಿಯುತ್ತಿದ್ದಾರೆ.

ಚಿಕಿತ್ಸಾಲಯದಲ್ಲಿ ಕುಂದುಗಳೂ ಇವೆ. ಬರಿಹೊಟ್ಟೆಯಲ್ಲಿ ಬಂದ ವೃದ್ಧರನ್ನು ರಕ್ತ ತೆಗೆಯಲು ಒಂದು ಗಂಟೆಗೂ ಮಿಕ್ಕಿ ಕಾಯಿಸುವುದು ಸರಿಯಲ್ಲ. ಮಧುಮೇಹಿಗಳಿಗೆ ಅದು ಅಪಾಯಕರವೂ ಹೌದು. ಆಹಾರದ ಸೂಚನಾಪತ್ರ ಮಲಯಾಳದಲ್ಲಿ ಮಾತ್ರವಿದೆ. ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕೆಂದು ಕೇಳಿಕೊಂಡಿದ್ದೇನೆ.